ಹುಬ್ಬಳ್ಳಿ ಕಡೆಯ ಅಜ್ಜಿ

"ಹುಬ್ಬಳ್ಳಿ ಕಡೆಯಿಂದ ಬಂದಿರುವ ಅಜ್ಜಿಯೊಬ್ಬರು ಚಪ್ಪಲಿ ಸ್ಟ್ಯಾಂಡಿನ ಹತ್ತಿರ ಇದ್ದಾರೆ. ಅವರ ಕಡೆಯವರು ದಯವಿಟ್ಟು ಬೇಗ ಬರಬೇಕು."

ಚಪ್ಪಲಿ ಸ್ಟ್ಯಾಂಡ್ ನೋಡಿಕೊಳ್ಳುವ ಹೇಮಾಶ್ರೀ ಮತ್ತೊಮ್ಮೆ ಕೂಗಿ ಮೈಕು ಆರಿಸಿದಳು. ಹಳೇಬೀಡಿನ ದೇವಸ್ಥಾನದಿಂದ ಹೊರಬಂದವರು ಕಾದ ಕಲ್ಲಿನ ಮೇಲೆ ಕಾಲು ಎತ್ತೆತ್ತಿ ಇಡುತ್ತ ಚಪ್ಪಲಿ ಹುಡುಕುತ್ತಿದ್ದರು. ಒಬ್ಬರೂ ಇತ್ತ ತಿರುಗಲಿಲ್ಲ.

ಬೆಂಚಿನ ಮೇಲೆ ಕೂತಿದ್ದ ಅಜ್ಜಿಯ ಹಣೆ ಬೆವೆತಿತ್ತು, ಕೈ ನಡುಗುತ್ತಿತ್ತು. ಹೆಸರು ಕೇಳಿದರೂ "ನಮ್ಮ ಮಂದಿ ಎಲ್ಲಿ ಹ್ವಾದ್ರು... ಸೂಜಿ ತಗೊಂಡೀನಿ, ಉಂಡಿಲ್ಲ..." ಎಂದು ತೊದಲುತ್ತಿದ್ದಳು.

ಹೇಮಾಶ್ರೀಯ ಅಪ್ಪನಿಗೂ ಸಕ್ಕರೆ ಕಾಯಿಲೆ. ಇನ್ಸುಲಿನ್ ಸೂಜಿ ಚುಚ್ಚಿಕೊಂಡು ಊಟ ಬಿಟ್ಟರೆ ಸಕ್ಕರೆ ಇಳಿದು ಹೀಗೇ ಆಗುವುದನ್ನು ಕಂಡಿದ್ದಳು. ಆದರೂ ಪರರ ಮನೆಯ ಜೀವ. ತಾನು ತಿಳಿದದ್ದು ತಪ್ಪಾಗಿದ್ದರೆ? ಹಿಂದೆಮುಂದೆ ನೋಡಿ, ಕೊನೆಗೆ ಟೀ ಅಂಗಡಿಯಿಂದ ಹಿಡಿ ಸಕ್ಕರೆ ತಂದು ನೀರಿಗೆ ಕದಡಿ ಗುಟುಕು ಗುಟುಕಾಗಿ ಕುಡಿಸಿದಳು.

ಪಾರ್ಕಿಂಗಿನಲ್ಲಿ ಟೂರಿಸ್ಟ್ ಬಸ್ಸೊಂದು ಸ್ಟಾರ್ಟ್ ಆಯಿತು.

"ನಂಜುಂಡಣ್ಣ, ಆ ಬಸ್ ನಿಲ್ಸಣ್ಣ! ಇವರದೇ ಇದ್ರೆ?"

ಕಾವಲಿನ ನಂಜುಂಡಯ್ಯ ಟವೆಲಿನಿಂದ ಕುತ್ತಿಗೆ ಒರೆಸಿಕೊಂಡ. "ಆಗ್ಲೇ ಕೇಳಿವ್ನಿ ಕಣಮ್ಮ. ಹುಬ್ಳಿಯೋರಾ ಅಂದ್ರೆ, ಅಲ್ಲ ಅಂದ್ರು."

"ಮಾತು ಕೇಳಿದ್ರೆ ಹುಬ್ಳಿ ಥರಾನೇ ಐತಲ್ಲಣ್ಣ..."

"ಆ ಕಡೆಯೋರೆಲ್ಲಾ ಹುಬ್ಳಿಯೋರೇ. ಇನ್ನೇನಂತ ಕೂಗ್ತೀಯ, ಲಂಡನ್ ಅಜ್ಜಿ ಅಂತಲಾ?"

ಅಜ್ಜಿಯ ಕಣ್ಣು ನಿಧಾನಕ್ಕೆ ನೆಲೆಗೆ ಬಂತು. ಲೋಟ ಕೆಳಗಿಟ್ಟು ಹೇಮಾಶ್ರೀಯನ್ನು ದಿಟ್ಟಿಸಿದಳು.

"ಆಗಿಂದ ಹುಬ್ಬಳ್ಳಿ ಹುಬ್ಬಳ್ಳಿ ಅಂತ ಯಾಕ ಒದರಾಕತ್ತೀಯವಾ? ನಾವು ಧಾರವಾಡದವ್ರು."

"ಎರಡೂ ಒಂದೇ ಅಲ್ವಾ ಅಜ್ಜಿ? ಅವಳಿ ನಗರ ಅಂತಾರೆ..."

"ಅನ್ನಾವ್ರು ಹೊರಗಿನವ್ರು. ಅವಳಿ ಮಕ್ಕಳಿಗೆ ಒಂದ ಹೆಸರಿಡ್ತಾರೇನು?"

ಬಸ್ಸು ಹಿಂದಕ್ಕೆ ಸರಿದು ರಸ್ತೆಗೆ ಮೂತಿ ತಿರುಗಿಸಿತು. ಹೇಮಾಶ್ರೀ ಅಜ್ಜಿಯ ಹೆಸರು ಕೇಳಿಕೊಂಡು ಮೈಕಿಗೆ ಓಡಿದಳು.

"ಧಾರವಾಡ! ಧಾರವಾಡದ ನೀಲವ್ವನವರು ಇಲ್ಲಿದ್ದಾರೆ! ಧಾರವಾಡದವರು..."

ಬಸ್ಸು ಹೊರಳುತ್ತಲೇ ಇತ್ತು. ಮತ್ತೆ ಕೂಗಿದಳು. ಹಾರ್ನ್ ಒಮ್ಮೆ ಕಿರುಚಿತು. ಎಂಜಿನ್ನಿನ ಸದ್ದು ನಿಂತುಹೋಯಿತು.

ಮೊದಲು ಓಡಿಬಂದವನು ಮಗ, ಬರಿಗಾಲಲ್ಲಿ. "ಅವ್ವ ಹಿಂದಿನ ಸೀಟಿನ್ಯಾಗ ಮಲ್ಕೊಂಡಾಳ ಅಂತ ತಿಳ್ಕೊಂಡಿದ್ವಿರೀ. ಇಳಿಯೂದಿಲ್ಲ ಅಂದಿದ್ಲು. ಹುಬ್ಬಳ್ಳಿ ಅಜ್ಜಿ ಅಂದ್ರಲ್ಲ, ಹುಬ್ಬಳ್ಳಿಯವ್ರು ಮುದುಕಿನೂ ಕಳಕೊಂಡ್ರು ನೋಡ್ರಿ ಅಂತ ನಾನ ನಕ್ಕೆ..." ತಾಯಿಯ ಪಾದ ಹಿಡಿದುಕೊಂಡು ಕೂತುಬಿಟ್ಟ.

"ಏಳಪಾ, ಹಸಿವಾಗೇತಿ," ಎಂದಳು ನೀಲವ್ವ.

ಹೊರಡುವಾಗ ಅವಳು ಹೇಮಾಶ್ರೀಯ ಗಲ್ಲ ಸವರಿದಳು. "ಬರ್ತೀನವಾ. ಊರಿಗೆ ಹೋದಮ್ಯಾಲೆ ಹೇಳ್ತೀನಿ, ಬೇಲೂರಿನ ಹುಡುಗಿ ಜೀವಾ ಉಳಿಸಿದ್ಲು ಅಂತ."

ಅರಸೀಕೆರೆ ಬಳಿಯ ಗಂಡಸಿ ಎಂಬ ಊರಿನಲ್ಲಿ ಹುಟ್ಟಿ, ಹಳೇಬೀಡಿಗೆ ಸೊಸೆಯಾಗಿ ಬಂದ ಹೇಮಾಶ್ರೀ ಬಾಯಿ ತೆರೆದಳು. ಆಮೇಲೆ ಸುಮ್ಮನೆ ತಲೆಯಾಡಿಸಿದಳು.

ಬಸ್ಸು ತಿರುವಿನಲ್ಲಿ ಮರೆಯಾಯಿತು. ಅವಳು ಮೈಕಿನ ಮುಂದೆ ಕುಸಿದು ಕೂತು ಉಸಿರು ಬಿಟ್ಟಳು. ಮೈಕು ಆರಿಸಿರಲಿಲ್ಲ. ಆ ಉಸಿರು ಕಂಬದ ಸ್ಪೀಕರಿನಿಂದ ಹೊರಟಾಗ, ಚಪ್ಪಲಿ ಹುಡುಕುತ್ತಿದ್ದವರೆಲ್ಲ ತಲೆಯೆತ್ತಿ ನೋಡಿದರು.