ಒಂಬತ್ತು ದಿನದ ಮುಯ್ಯಿ

ನಾನು ಡಾಕ್ಟರು. ಆದರೆ ನಿಮ್ಮ ತಲೆನೋವಿಗೆ ನನ್ನ ಹತ್ತಿರ ಮದ್ದಿಲ್ಲ. ಮಂಡ್ಯ ಜಿಲ್ಲೆಯ ಕೊಪ್ಪದಲ್ಲಿರುವ ನನ್ನವ್ವ ನಾಗಮಣಿ ಈ ವಿಷಯವನ್ನು ನೆರೆಹೊರೆಗೆ ಒಂದೇ ಮಾತಿನಲ್ಲಿ ತಿಳಿಸಿಬಿಟ್ಟಿದ್ದಾಳೆ: "ನಮ್ ಸೋಬಿತಾ ಡಾಕ್ಟ್ರೇಯಾ, ಸೂಜಿ ಮಾತ್ರ ಚುಚ್ಚಾಕಿಲ್ಲ."

ಏಳು ವರ್ಷ ವಂಶವಾಹಿಗಳ ಮೇಲೆ ಓದಿ ಪಿಎಚ್‌ಡಿ ಮುಗಿಸಿದ ಮೇಲೆ ನನಗೆ ಸಿಕ್ಕಿದ್ದು ಮೈಸೂರಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ತಾತ್ಕಾಲಿಕ ಹುದ್ದೆ. ನಮ್ಮ ಯೋಜನೆಯ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದವರಿಗೆ ಹೃದ್ರೋಗವಿಲ್ಲವೆಂದು ಅಲ್ಲೇ ಬರೆದುಕೊಡಬಹುದು, ಅಷ್ಟುದ್ದ. ಸುಲಭವಾಗಿ ಹೇಳುವುದಾದರೆ, ಅಪ್ಪ, ಅಣ್ಣಂದಿರು ಐವತ್ತೈದರೊಳಗೆ ಎದೆ ಹಿಡಿದುಕೊಂಡು ಹೋದಂಥ ಮನೆಗಳ ಗಂಡಸರನ್ನು ಹುಡುಕಬೇಕು. ಅವರ ಎಂಜಲನ್ನು ಕೊಳವೆಯಲ್ಲಿ ಹಿಡಿದು ವಂಶವಾಹಿ ನೋಡಬೇಕು. ಮುಂಗೈಗೆ ಪಟ್ಟಿ ಕಟ್ಟಿ ಅರವತ್ತು ದಿನದ ಎದೆಬಡಿತ ದಾಖಲಿಸಬೇಕು. ಎರಡೂ ತಾಳೆಯಾದರೆ ಒಂದು ಪ್ರಬಂಧ, ಪ್ರಬಂಧವಾದರೆ ನನಗೆ ಇನ್ನು ಮೂರು ವರ್ಷ ಕೆಲಸ. ಇಲ್ಲದಿದ್ದರೆ ಆಗಸ್ಟ್ ಮೂವತ್ತೊಂದಕ್ಕೆ ಮನೆ.

ಯೋಜನೆಯ ಮುಖ್ಯಸ್ಥರು ರಘುನಂದನ್ ಸರ್. ಗ್ರಾಮೀಣ ಹೃದಯದ ಬಗ್ಗೆ ಮೂರು ದೇಶಗಳಲ್ಲಿ ಭಾಷಣ ಮಾಡಿದ್ದಾರೆ. ಮಂಡ್ಯ ಜಿಲ್ಲೆಯನ್ನು ಕಾರಿನ ಕಿಟಕಿಯಿಂದ ಬಲ್ಲರು.

ಜುಲೈ ಮೊದಲ ವಾರ ಕೆರಗೋಡಿನ ನಿಂಗಯ್ಯನವರ ಜಗುಲಿಯಲ್ಲಿ ಕೂತಿದ್ದೆ. ಅವರಿಗೆ ಐವತ್ತೆರಡು. ಅಪ್ಪನೂ ಅಣ್ಣನೂ ಆ ವಯಸ್ಸು ಕಂಡಿರಲಿಲ್ಲ. ನಮಗೆ ಹೇಳಿ ಮಾಡಿಸಿದ ಮನೆ. ಅವರು ಬಾಯಲ್ಲಿದ್ದ ಎಲೆಅಡಿಕೆ ಉಗಿದು, ಅರ್ಧ ಗಂಟೆ ಕಾದು, ಕೊಳವೆಗೆ ಎಂಜಲು ಕೊಟ್ಟರು. ಆಮೇಲೆ ಪಟ್ಟಿಯನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಟೈಮೇ ತೋರ್ಸಲ್ವಲ್ಲ. ಯಂತಾ ವಾಚು ಮೇಡಂ ಇದು?"

"ನಿಮ್ ಟೈಮು ತೋರುಸ್ತದಂತೆ, ಕಟ್ಕಳಿ ಸುಮ್ಕೆ," ಎಂದರು ಅವರ ಹೆಂಡತಿ ಇಂದ್ರಮ್ಮ.

ನಾನು ಪಾಠ ಒಪ್ಪಿಸಿದೆ. ಪಟ್ಟಿ ಬರೆದದ್ದೆಲ್ಲ ತಾನಾಗಿಯೇ ಮೈಸೂರಿಗೆ ಹೋಗುತ್ತದೆ, ಎದೆಯಲ್ಲಿ ಏನಾದರೂ ತೊಂದರೆ ಕಂಡರೆ ನಾವೇ ಊರಿಗೆ ಬಂದು ಹೇಳುತ್ತೇವೆ ಎಂದೆ. ಅಂಗಳದಲ್ಲಿ ನಾಟಿ ವಿಚಾರಿಸಲು ಬಂದಿದ್ದ ಮಂಚಮ್ಮ ಎಂಬಾಕೆ ಇದನ್ನು ಗಮನವಿಟ್ಟು ಕೇಳಿದಳು. ಸ್ವಂತ ಗದ್ದೆಯಿಲ್ಲ, ಕೂಲಿಯೇ ಜೀವನ. ಹತ್ತಿರ ಬಂದು ಮುಂಗೈ ಚಾಚಿದಳು.

"ನಂಗೂ ಒಂದು ಕಟ್ಟವ್ವ. ಬಗ್ಗಿ ಎದ್ರೆ ಕಣ್ಣು ಕತ್ಲೆ ಬತ್ತದೆ. ಎದೆ ನಿಂತ್ ನಿಂತ್ ಓಡ್ತದೆ. ಆಸ್ಪತ್ರೇಲಿ ರಕ್ತ ಕಮ್ಮಿ ಅಂತ ಕೆಂಪು ಮಾತ್ರೆ ಕೊಟ್ರು."

ನಾನು ಅವಳ ಮುಖ ನೋಡುವ ಮೊದಲು ಫಾರಂ ನೋಡಿದೆ. ಹೆಂಗಸು. ಅವಳಪ್ಪ ಯಾವುದರಿಂದ ಸತ್ತನೆಂದು ಯಾರೂ ಬರೆದಿಟ್ಟಿಲ್ಲ. "ನೀವು ಇದಕ್ಕೆ ಬರಲ್ಲಮ್ಮ," ಎಂದೆ.

"ನಮ್ ಪೈಕಿ ಹುಡ್ಗಿ ಇಷ್ಟು ಓದ್ಕಂಡವ್ಳೆ ಅಂತ ಕೇಳ್ದೆ ಕಣವ್ವ. ಬುಡು," ಎಂದು ಕೈ ಹಿಂದಕ್ಕೆ ತೆಗೆದುಕೊಂಡಳು.

ಆ ಮಾತು ಚುಚ್ಚಿತು. ಆದರೂ ಫಾರಂನಲ್ಲಿ 'ಅನರ್ಹ' ಎಂದು ಗುರುತು ಹಾಕಿ ಬಸ್ಸು ಹತ್ತಿದೆ.

ಆಗಸ್ಟಿನಲ್ಲಿ ರಘುನಂದನ್ ಸರ್ ನನ್ನನ್ನು ತಮ್ಮ ಕೋಣೆಗೆ ಕರೆದು ಎಂದೂ ಕೊಡದ ಕುರ್ಚಿ ಕೊಟ್ಟರು. ನಿಂಗಯ್ಯನವರ ಪಟ್ಟಿಯಲ್ಲಿ ಒಂಬತ್ತು ದಿನ ಎದೆಬಡಿತ ಕುದುರೆ ಓಟ ಓಡಿ, ಮೂರು ನಾಲ್ಕು ಸೆಕೆಂಡು ನಿಂತೇಬಿಟ್ಟು, ಮತ್ತೆ ಓಡಿತ್ತು. ಎಂಜಲಿನಲ್ಲೂ ಒಂದು ವಂಶವಾಹಿ ಕೊಂಚ ಬೇರೆಯಾಗಿತ್ತು. ಸರ್ ಆಗಲೇ ಅದಕ್ಕೆ 'ಮಂಡ್ಯ ಲಯ' ಎಂದು ನಾಮಕರಣ ಮಾಡಿ, ಸಮ್ಮೇಳನಕ್ಕೆ ದೊಡ್ಡ ಪೋಸ್ಟರ್ ಅಚ್ಚು ಹಾಕಿಸಿದ್ದರು.

"ಸರ್, ನಿಂಗಯ್ಯನವರಿಗೆ ತಿಳಿಸಬೇಕಲ್ಲ?"

"ತಿಳಿಸಿ, ಖಂಡಿತ ತಿಳಿಸಿ. ಚಿಕಿತ್ಸೆ ಮಾತ್ರ ಅರವತ್ತು ದಿನ ಮುಗಿದ ಮೇಲೆ ಶುರುವಾದರೆ ದತ್ತಾಂಶ ಕೆಡೋದಿಲ್ಲ."

ಮಾರನೆಯ ದಿನವೇ ನಿಂಗಯ್ಯನವರನ್ನು ಮಂಡ್ಯಕ್ಕೆ ಕರೆದೊಯ್ದು ತೋರಿಸಿದೆ. ಇಸಿಜಿ ಸರಿಯಾಗಿತ್ತು. ಸ್ಕ್ಯಾನೂ ಸರಿಯಾಗಿತ್ತು. ಎದೆಗೆ ತಂತಿ ಅಂಟಿಸಿ ಒಂದು ಇಡೀ ದಿನ ಬಡಿತ ಹಿಡಿದರೂ ಒಂದೇ ಒಂದು ತಪ್ಪಲಿಲ್ಲ. "ಎತ್ತಿನ ಎದೆ ಕಣ್ರೀ ಇವರದು," ಎಂದರು ಅಲ್ಲಿನ ವೈದ್ಯರು. ನಿಂಗಯ್ಯ ಬೀಗಿದರು, ನಾನು ಬೆವರಿದೆ.

ವಾಪಸು ಜಗುಲಿಗೆ ಬಂದು ಒಂಬತ್ತು ತಾರೀಖುಗಳನ್ನೂ ಓದಿದೆ.

"ತಾರೀಕು ಯಾರ್ಗ್ ಗೊತ್ತು? ವಾರ ಏಳು," ಎಂದರು ಇಂದ್ರಮ್ಮ. ವಾರ ಹೇಳಿದೆ. "ಅವತ್ತು ನಮ್ ಕೆರೆ ಕೆಳ್ಗಿನ್ ಗದ್ದೆ ನಾಟಿ. ವಾಚು ಮಂಚಮ್ಮನ ಕೈಲಿತ್ತು. ಅದರ ಮಾರ್ನೇ ದಿನ ಅವ್ಳು ಪಕ್ಕದ್ಮನೆ ಲಿಂಗಯ್ಯನ ಗದ್ದೆಗೆ ಕೂಲಿ ಓಗಿದ್ಲು. ಅವತ್ತೂ ಅವ್ಳ ಕೈಲೇ." ಒಂಬತ್ತಕ್ಕೆ ಒಂಬತ್ತೂ ಹಾಗೆಯೇ ಬಂತು.

"ಅವಳ ಕೈಗೆ ಯಾಕೆ ಕಟ್ಟಿದಿರಿ?"

"ಮುಯ್ಯಿಗೆ ಕಣವ್ವ. ನಮ್ಮನೇ ನಾಟಿಗೆ ಬತ್ತೀನಿ, ಕೂಲಿ ಬ್ಯಾಡ, ಮುಯ್ಯಿ ಆಗ್ಲಿ ಅಂದ್ಲು. ಮುಯ್ಯಿ ಅಂದ್ಮೇಲೆ ಆಳಿಗೆ ಆಳು ಕಳುಸ್ಬೇಕಲ್ವಾ? ಅವ್ಳಿಗೆ ಗದ್ದೆ ಎಲ್ಲದೆ, ನಾವು ಓಗಿ ನಾಟಿ ಆಕಾಕೆ? ದಿನಕ್ಕೊಂದು ದಿನ ವಾಚು ಕೊಡಿ ಅಂದ್ಲು. ಕೊಟ್ಟೊ."

"ಉಳ್ದ ದಿನ ನಾನೇ ಕಟ್ಟಿದ್ದೀನಿ ಮೇಡಂ," ಎಂದು ನಿಂಗಯ್ಯ ಸಮಜಾಯಿಷಿ ಕೊಟ್ಟರು. "ಒಂದಿನಾನೂ ವಾಚು ಖಾಲಿ ಕೂರ್ಸಿಲ್ಲ."

ಬೀದಿಗೆ ಬಂದು ಸರ್‌ಗೆ ಫೋನು ಮಾಡಿದೆ. ಪಟ್ಟಿ ಕೈ ಬದಲಾದ ಕತೆ ಹೇಳಿದೆ.

"ಒಪ್ಪಿಗೆ ಪತ್ರಕ್ಕೆ ಸಹಿ ಯಾರದ್ದು?"

"ನಿಂಗಯ್ಯನವರದ್ದು."

"ಹಾಗಿದ್ದ ಮೇಲೆ ಹೃದಯವೂ ಅವರದ್ದೇ. ಆ ಹೆಂಗಸು ನಮ್ಮ ಅಧ್ಯಯನಕ್ಕೆ ಬರೋದೇ ಇಲ್ಲವಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. ಆದರೆ ಆ ಮಾತನ್ನು ಮೊದಲು ಆಡಿದವಳು ನಾನೇ.

ಫೋನು ಇಟ್ಟು ಗದ್ದೆಗೆ ಹೋದೆ. ಮಂಚಮ್ಮ ಕೆಸರಿನಲ್ಲಿ ಬಗ್ಗಿದ್ದಳು. ನನ್ನನ್ನು ಕಂಡು ಸೊಂಟ ಹಿಡಿದು ಮೇಲೆದ್ದು, ಬದುವಿಗೆ ಕೈಯೂರಿ ಕಣ್ಣು ಮುಚ್ಚಿ ಸುಧಾರಿಸಿಕೊಂಡಳು.

"ಬಂದ್ಯಾ? ಏನಾರಾ ಇದ್ರೆ ನಾವೇ ಬತ್ತೀವಿ ಅಂದಿದ್ಯಲ್ಲ. ನಿನ್ನೆ ನಿಂಗಯ್ಯನ ಕರ್ಕೊಂಡ್ ಓದಾಗ, ಪಾಪ, ಮನೆ ತಪ್ಪವ್ಳೆ ಅನ್ಕಂಡೆ."

ಒಂಬತ್ತು ದಿನದ ಕೂಲಿ ಬಿಟ್ಟು ಅವಳು ನನ್ನ ಫಾರಂನೊಳಗೆ ದಾರಿ ಮಾಡಿಕೊಂಡಿದ್ದಳು. ನನಗೆ ನಾಚಿಕೆಯಾಯಿತು, ಅಳುವೂ ಬಂತು. ಕೈಕಾಲು ತೊಳೆಯಲೂ ಬಿಡದೆ ಆಟೋ ಹತ್ತಿಸಿದೆ. ಮಂಡ್ಯದಲ್ಲಿ ಇಸಿಜಿ ಯಂತ್ರದಿಂದ ಹೊರಬಂದ ಕಾಗದದಲ್ಲಿ ನಮ್ಮ ಪೋಸ್ಟರಿನ ಗೆರೆಯೇ ಇತ್ತು. ಓಟ, ನಿಲುಗಡೆ, ಮತ್ತೆ ಓಟ. ಅಲ್ಲಿಂದ ಮೈಸೂರಿಗೆ ಕಳಿಸಿದರು. ಬಡಿತ ನಿಂತಾಗ ತಟ್ಟಿ ಎಬ್ಬಿಸುವ, ಬೆಂಕಿಪೊಟ್ಟಣಕ್ಕಿಂತ ದೊಡ್ಡದಲ್ಲದ ಯಂತ್ರವನ್ನು ಹೆಗಲ ಕೆಳಗೆ ಕೂರಿಸಿದರು. ಇನ್ನೂ ತಡವಾಗಿದ್ದರೆ ಗದ್ದೆಯಲ್ಲೇ ಬೀಳುತ್ತಿದ್ದಳು ಎಂದರು.

ಒಂಬತ್ತು ದಿನದ ಬಡಿತ ಬೇರೆಯವರದ್ದೆಂದು ನಾನು ಸಂಸ್ಥೆಗೆ ಬರೆದುಕೊಟ್ಟೆ. ಪೋಸ್ಟರ್ ಗೋಡೆಯಿಂದ ಇಳಿಯಿತು. ಆಗಸ್ಟ್ ಮೂವತ್ತೊಂದಕ್ಕೆ ನಾನೂ ಇಳಿದೆ. ಕಾರಣ: ಕ್ಷೇತ್ರಕಾರ್ಯದಲ್ಲಿ ನಿಗಾ ಸಾಲದು. ರಘುನಂದನ್ ಸರ್ ಈಗ 'ಹಳ್ಳಿಗಳಲ್ಲಿ ಸಮುದಾಯದಿಂದ ಹೃದಯಪಟ್ಟಿಯ ಹಂಚಿಕೆ' ಎಂಬ ಹೊಸ ಯೋಜನೆ ಬರೆಯುತ್ತಿದ್ದಾರಂತೆ.

ಕೆರಗೋಡಿಗೆ ನೋಡಲು ಹೋದಾಗ ಮಂಚಮ್ಮ ಹಾಸಿಗೆಯ ಮೇಲೆ ಚಡಪಡಿಸುತ್ತಿದ್ದಳು.

"ವಾಚು ಒಂಬತ್ತು ದಿನ ಕಟ್ಕಂಡೆ. ನಾಟಿಗೆ ಓಗಿದ್ದು ಆರೇ ದಿನ. ಇಂದ್ರಮ್ಮಂಗೆ ಇನ್ನೂ ಮೂರು ಆಳು ಬಾಕಿ ಅದೆ ಕಣವ್ವ. ಅವ್ರ ನಾಲೆ ಬದಿ ಕೊನೇ ಗದ್ದೆ ಉಳ್ಕಂಡದೆ, ಡಾಕ್ಟ್ರು ಕೈ ಎತ್ಬ್ಯಾಡ ಅಂತಾರೆ. ನೀನು ಕೆಲ್ಸಿಲ್ದೆ ಕುಂತಿದ್ದೀಯಲ್ಲ."

ನನ್ನವ್ವ ಇಂಥವೇ ಗದ್ದೆಗಳಲ್ಲಿ ಬಗ್ಗಿ ನನ್ನನ್ನು ಓದಿಸಿದ್ದು. ನನಗೆ ಮಾತ್ರ ನಾಟಿ ಬರದು. ಮೊದಲ ದಿನ ಮಧ್ಯಾಹ್ನದ ಹೊತ್ತಿಗೆ ಸೊಂಟ ಹೋಗಿತ್ತು. ನಾನು ನೆಟ್ಟ ಪೈರಲ್ಲಿ ಅರ್ಧ ನೀರಿನ ಮೇಲೆ ತೇಲುತ್ತಿತ್ತು. ಇಂದ್ರಮ್ಮ ನನ್ನ ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು.

"ನೀನು ಇದಕ್ಕೆ ಬರಾಕಿಲ್ಲ ಕಣವ್ವ," ಎಂದರು. ಆಮೇಲೆ ನನ್ನ ಪಕ್ಕಕ್ಕೇ ಬಂದು ಬಗ್ಗಿ, ನನ್ನ ಹೆಬ್ಬೆರಳು ಹಿಡಿದು ಕೆಸರೊಳಕ್ಕೆ ಒತ್ತಿದರು. "ಇಂಗೆ ಊರ್ಬೇಕು. ಇರು, ಇನ್ನೂ ಎರಡು ದಿನ ಅದೆ, ಕಲ್ತ್ಕಳೀವಂತೆ."