ಕೈ ಎತ್ತಿದವರು

ರಮಾಮಣಿ ಜಾರಿ ಬಿದ್ದದ್ದು ಒಂದು ಶುಕ್ರವಾರ ಬೆಳಿಗ್ಗೆ, ಹಾಲಿನ ಪ್ಯಾಕೆಟ್ ತರಲು ಕೆಳಗಿಳಿಯುವಾಗ. ಆಗಷ್ಟೇ ಮೆಟ್ಟಿಲು ತೊಳೆದು ಹೋಗಿದ್ದರು. ಕಾಲೋನಿ ಕಟ್ಟಿದಾಗ ಹಾಕಿದ್ದ ರೆಡ್ ಆಕ್ಸೈಡ್ ಸವೆದು ಸವೆದು ನುಣ್ಣಗಾಗಿತ್ತು. ಒಂದು ಕಡೆ ಬೋಳು ಗೋಡೆ, ಇನ್ನೊಂದು ಕಡೆ ಸೊಂಟದೆತ್ತರದ ದಪ್ಪ ಸಿಮೆಂಟ್ ಕಟ್ಟೆ. ಕೈಗೆ ಸಿಗುವಂಥದ್ದು ಏನೂ ಇಲ್ಲ. ಕೂತಂತೆಯೇ ನಾಲ್ಕೈದು ಮೆಟ್ಟಿಲು ಜಾರಿಕೊಂಡು ಹೋಗಿ ಕೆಳಮನೆಯ ಫಹ್ಮಿದಾ ಅವರ ಬಾಗಿಲ ಮುಂದೆ ನಿಂತರು. ನಿಂತರು ಎನ್ನುವುದೇನು, ಕೂತರು.

ಸದ್ದು ಕೇಳಿ ಫಹ್ಮಿದಾ ಬಾಗಿಲು ತೆರೆದರು. "ಅಯ್ಯಲ್ಲಾ! ಏಳ್ಬೇಡಿ ಅಕ್ಕಾ, ಹಾಗೇ ಕೂತಿರಿ. ಕಾಲು ಮಡಚಕ್ಕಾಗುತ್ತಾ ನೋಡಿ."

"ಆಗತ್ತೆ. ಮೆಲ್ಲಗೆ ಮಾತಾಡಿ ಫಹ್ಮಿದಾ. ನಮ್ಮನೆಯವ್ರಿಗೆ ಗೊತ್ತಾದ್ರೆ ನಾಳೆಯಿಂದ ನಾನು ಗೇಟ್ ದಾಟೋ ಹಾಗಿಲ್ಲ."

ಫಹ್ಮಿದಾ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಡ್ರಿಲ್ ಟೀಚರ್ ಆಗಿದ್ದು ರಿಟೈರಾದವರು. ಒಳಗೆ ಕರೆದುಕೊಂಡು ಹೋಗಿ, ಮೂಳೆಗೇನೂ ಆಗಿಲ್ಲವೆಂದು ಖಾತ್ರಿ ಮಾಡಿಕೊಂಡು, ಐಸ್ ಸುತ್ತಿದ ಟವೆಲ್ ಕೊಟ್ಟರು. ಆಮೇಲೆ ದನಿ ತಗ್ಗಿಸಿ ಹೇಳಿದರು, "ನಾನೂ ಬಿದ್ದಿದ್ದೆ ಅಕ್ಕಾ. ಬಾತ್‌ರೂಮಲ್ಲಿ. ಕಣ್ಣ ಹತ್ರ ಕಪ್ಪಗಾಗಿತ್ತಲ್ಲ, ಬೀರು ಬಾಗ್ಲು ತಗುಲ್ತು ಅಂತ ಮಗನಿಗೆ ಹೇಳಿಬಿಟ್ಟೆ."

"ನನಗೂ ಹಾಗೇ ಹೇಳಿದ್ರಿ!"

ಇಬ್ಬರಿಗೂ ನಗು ಬಂತು. ರಮಾಮಣಿಗೆ ನಕ್ಕರೆ ಸೊಂಟ ನೋವು, ಆದರೂ ನಗು ನಿಲ್ಲಲಿಲ್ಲ.

ನಗು ಇಳಿದ ಮೇಲೆ ಇಬ್ಬರಿಗೂ ನೆನಪಾದದ್ದು ಮೂರನೇ ಮಹಡಿಯ ಗೋವಿಂದಮ್ಮ. ಹೊರಮಾವು ಎಂಬ ಹಳ್ಳಿಯ ಹೊಲದಲ್ಲಿ ನೆತ್ತಿಯ ಮೇಲೆ ಹೊರೆ ಹೊತ್ತು ಬೆಳೆದ ಜೀವ. ಜಮೀನು ಲೇಔಟ್ ಆದ ಮೇಲೆ ಮಗ ವಸಂತ್ ಇಲ್ಲಿ ಫ್ಲ್ಯಾಟ್ ಕೊಂಡು ತಾಯಿಯನ್ನು ಕರೆತಂದಿದ್ದ. ಯುಗಾದಿಯ ಮಾರನೇ ದಿನ ಇದೇ ಮೆಟ್ಟಿಲಲ್ಲಿ ಬಿದ್ದು ಕೈ ಮುರಿದುಕೊಂಡ ಮೇಲೆ ಆಕೆ ಕೆಳಗಿಳಿದೇ ಇರಲಿಲ್ಲ. ಅವತ್ತು ಸಂಜೆ ಇಬ್ಬರೂ ಗೋಡೆ ಹಿಡಿದು ಮೇಲೆ ಹತ್ತಿದರು.

"ಕೈ ಕೂಡ್ಕಂತು ಕಣವ್ವಾ, ಎದೆ ಕೂಡ್ಕಳ್ಳಿಲ್ಲ," ಎಂದರು ಗೋವಿಂದಮ್ಮ. "ಮೆಟ್ಲು ಕಂಡ್ರೆ ಕಾಲು ಗಡಗಡ ಅಂತವೆ. ಮಗನೂ ಬ್ಯಾಡ ಅಂತಾನೆ. ಕಿಟಕೀಲಿ ನೋಡ್ಕಂಡು ಕುಂತಿರ್ತೀನಿ."

ಫಹ್ಮಿದಾ ಗೋವಿಂದಮ್ಮನ ತೊಡೆ ಒತ್ತಿ ನೋಡಿದರು. "ಕೂತೂ ಕೂತೂ ಬಲ ಹೋಗಿದೆ. ಹೀಗೇ ಕೂತ್ರೆ ಮನೆಯೊಳಗೇ ಬೀಳ್ತೀರ. ಎಲ್ಲಿ, ಕುರ್ಚಿ ಹಿಡ್ಕೊಳ್ಳದೆ ಎದ್ದು ನಿಲ್ಲಿ ನೋಡೋಣ."

ಗೋವಿಂದಮ್ಮ ಏಳಲಾರದೆ ಮತ್ತೆ ಕೂತುಬಿಟ್ಟರು. ಮರುದಿನದಿಂದ ಅದೇ ಹಜಾರದಲ್ಲಿ ಮೂವರ ಕಸರತ್ತು ಶುರುವಾಯಿತು. ಕುರ್ಚಿಯಿಂದ ಏಳುವುದು, ಕೂರುವುದು. ಗೋಡೆಯ ಪಕ್ಕ ಒಂಟಿ ಕಾಲಲ್ಲಿ ನಿಲ್ಲುವುದು. ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ಗೆರೆ ಎಳೆದಂತೆ ನಡೆಯುವುದು. ರಮಾಮಣಿ ಮನೆಯಲ್ಲಿ ಹೇಳಿದ್ದು ಭಜನೆಗೆ ಹೋಗ್ತೀನಿ ಅಂತ.

ಗೋವಿಂದಮ್ಮನ ಕಾಲಿಗೆ ಬಲ ಬರತೊಡಗಿತ್ತು. ಆದರೆ ಮೆಟ್ಟಿಲಿನ ಹತ್ತಿರ ಬಂದರೆ ಸಾಕು, ಹಿಂದೆ ಸರಿದುಬಿಡುತ್ತಿದ್ದರು. ಹಿಡಿಯಲು ಏನೂ ಇಲ್ಲವಲ್ಲ.

ಅಷ್ಟರಲ್ಲಿ ರಮಾಮಣಿಯ ಗಂಡ ವೆಂಕಟಸುಬ್ಬಯ್ಯ ಕೈಯಲ್ಲೊಂದು ಕಲ್ಲಿನ ತುಂಡು ಹಿಡಿದು ಮನೆಗೆ ಬಂದರು. ವಿಮಾ ಕಛೇರಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದ ಅವರು ಈಗ ಕಾಲೋನಿ ಸಂಘದ ಅಧ್ಯಕ್ಷರು. ಕಾಲೋನಿಯ ಬೆಳ್ಳಿಹಬ್ಬಕ್ಕೆ ಮೆಟ್ಟಿಲಿಗೆಲ್ಲ ಗ್ರಾನೈಟ್ ಹಾಕಿಸುವುದು ಅವರ ಕನಸು.

"ಹೇಗಿದೆ ನೋಡೇ. ಮುಖ ಕಾಣತ್ತೆ!"

ರಮಾಮಣಿ ಅದರ ಮೇಲೆ ಒಂದಿಷ್ಟು ನೀರು ಚಿಮುಕಿಸಿ ಬೆರಳಾಡಿಸಿದರು. "ರೀ, ಇದು ಒದ್ದೆಯಾದ್ರೆ ಯಾರು ನಿಲ್ತಾರ್ರೀ? ಇದರ ಬದ್ಲು ಹಿಡ್ಕೊಳ್ಳಕ್ಕೆ ಕಂಬಿ ಹಾಕ್ಸಿ."

"ಕಂಬಿ ಯಾಕೆ, ಇದೇನು ಆಸ್ಪತ್ರೇನಾ? ನಮ್ಮ ಬ್ಲಾಕಲ್ಲಿ ಗೋವಿಂದಮ್ಮ ಒಬ್ರನ್ನ ಬಿಟ್ರೆ ಇನ್ಯಾರು ಬಿದ್ದಿದ್ದಾರೆ ಹೇಳು?"

ರಮಾಮಣಿ ಕಲ್ಲನ್ನು ಒರೆಸಿ ವಾಪಸ್ಸು ಕೊಟ್ಟರು. ಆ ಪ್ರಶ್ನೆಯನ್ನೇ ಭಾನುವಾರದ ಸಭೆಗೆ ಇಟ್ಟುಕೊಂಡರು.

ಸಭೆ ನಡೆದದ್ದು ಟೆರೇಸಿನ ಮೇಲೆ. ಗ್ರಾನೈಟ್ ವಿಷಯ ಓದಿ ಮುಗಿಸಿ, "ಎಲ್ಲರ ಒಪ್ಪಿಗೆ ಇದೆ ಅಂದ್ಕೋತೀನಿ," ಎಂದು ವೆಂಕಟಸುಬ್ಬಯ್ಯ ಕನ್ನಡಕ ತೆಗೆಯುವಷ್ಟರಲ್ಲಿ ರಮಾಮಣಿ ಎದ್ದು ನಿಂತರು. ಇಷ್ಟು ವರ್ಷದಲ್ಲಿ ಸಭೆಯಲ್ಲಿ ಅವರು ಬಾಯಿ ತೆರೆದದ್ದೇ ಇಲ್ಲ.

"ಅಧ್ಯಕ್ಷರೇ, ನಂದೊಂದು ಪ್ರಶ್ನೆ."

ಗಂಡನನ್ನು ಹಾಗೆ ಕರೆದದ್ದಕ್ಕೆ ಎಲ್ಲರೂ ನಕ್ಕರು. ರಮಾಮಣಿ ನಗಲಿಲ್ಲ.

"ಇಲ್ಲಿರೋ ಹಿರಿಯರಲ್ಲಿ ಈ ವರ್ಷ ಯಾರ್ಯಾರು ಬಿದ್ದಿದ್ದೀರ, ಕೈ ಎತ್ತಿ."

ಯಾರೂ ಅಲುಗಲಿಲ್ಲ. ಕೆಲವರು ಚಪ್ಪಲಿ ನೋಡಿಕೊಂಡರು. ವಸಂತ್ ಮಾತ್ರ ಎದ್ದು, "ಆಂಟಿ, ನಮ್ಮಮ್ಮಂಗೆ ವಯಸ್ಸಾಯ್ತು. ಮನೇಲೇ ಇದ್ರೆ ಸೇಫು," ಎಂದ.

"ನೀನು ಯುಗಾದಿಯಿಂದ ಇಲ್ಲಿತನಕ ಹೊಸಿಲು ದಾಟ್ದೆ ಇದ್ದು ನೋಡಪ್ಪಾ, ಆಮೇಲೆ ಹೇಳು." ರಮಾಮಣಿ ಸೆರಗು ಸರಿಮಾಡಿಕೊಂಡರು. ಗಂಡನ ಕಡೆ ನೋಡದೆ ತಮ್ಮ ಬಲಗೈ ಎತ್ತಿದರು. "ನಾನು ಬಿದ್ದಿದ್ದೀನಿ. ಇದೇ ಮೆಟ್ಟಿಲಲ್ಲಿ. ಮನೇಲಿ ಹೇಳಿರ್ಲಿಲ್ಲ."

ವೆಂಕಟಸುಬ್ಬಯ್ಯ ತೆಗೆದ ಕನ್ನಡಕವನ್ನು ಮತ್ತೆ ಹಾಕಿಕೊಂಡರು.

"ನಾನೂ," ಎಂದು ಫಹ್ಮಿದಾ ಕೈ ಎತ್ತಿದರು. ಹಿಂದಿನ ಸಾಲಿನಲ್ಲಿ ಮೆಲ್ಲಗೆ ಇನ್ನೊಂದು ಕೈ ಎದ್ದಿತು. ಅದರ ಪಕ್ಕ ಮತ್ತೊಂದು. ಮಿಲಿಟರಿಯಲ್ಲಿದ್ದವರೊಬ್ಬರು ಕೆಮ್ಮಿ ಗಂಟಲು ಸರಿಮಾಡಿಕೊಂಡು ಎತ್ತಿದರು, ಅವರ ಹೆಂಡತಿ "ಯಾವಾಗ್ರೀ?" ಎಂದು ಕೇಳುತ್ತಲೇ ತಾವೂ ಎತ್ತಿದರು. ನೋಡನೋಡುತ್ತ ನರೆತ ತಲೆಗಳ ಮೇಲೆಲ್ಲ ಕೈಗಳು. ಮಕ್ಕಳು, ಸೊಸೆಯರು ತಮ್ಮ ತಮ್ಮ ಮನೆಯವರನ್ನು ಬಾಯಿಬಿಟ್ಟುಕೊಂಡು ನೋಡುತ್ತಿದ್ದರು.

ಕೊನೆಗೆ ವೇದಿಕೆಯ ಕುರ್ಚಿಯಿಂದಲೂ ಒಂದು ಕೈ ಎದ್ದಿತು.

"ದೀಪಾವಳಿಲಿ ಮೊಣಕಾಲು ತರಚಿತ್ತಲ್ಲ," ಎಂದರು ವೆಂಕಟಸುಬ್ಬಯ್ಯ, ಹೆಂಡತಿಗೆ ಮಾತ್ರ ಕೇಳುವಂತೆ ಹೇಳಲು ಹೋಗಿ ಮೈಕಿನಲ್ಲಿ ಎಲ್ಲರಿಗೂ ಕೇಳಿಸಿಬಿಟ್ಟು. "ಸ್ಕೂಟರ್ ತಾಗಿದ್ದಲ್ಲ ಅದು, ರಮಾ."

ಟೆರೇಸು ನಗುವಿನಿಂದ ತುಂಬಿಹೋಯಿತು. ಆ ನಗುವಿನ ನಡುವೆ ರಮಾಮಣಿ ಕಣ್ಣೊರೆಸಿಕೊಂಡರು. ಗೆದ್ದೆ ಅಂತ ಅವರಿಗೆ ಅನಿಸಿದ್ದು ಆಗ.

ಗ್ರಾನೈಟ್ ತುಂಡು ಅಂಗಡಿಗೆ ವಾಪಸ್ಸಾಯಿತು. ಶಿವಾಜಿನಗರದಿಂದ ಲತೀಫ್ ಎಂಬ ವೆಲ್ಡರ್ ಬಂದು ಮೆಟ್ಟಿಲಿನ ಎರಡೂ ಕಡೆ ಗುಂಡಗಿನ ಕಂಬಿ ಕೂರಿಸಿದ. ಮೆಟ್ಟಿಲ ಅಂಚಿಗೆ ಒರಟು ಕಲ್ಲಿನ ಪಟ್ಟಿ ಬಂತು, ತಿರುವುಗಳಲ್ಲಿ ಟ್ಯೂಬ್‌ಲೈಟು ಬಂತು. ಸ್ನಾನದ ಮನೆಗೂ ಒಂದೊಂದು ಹಿಡಿಕೆ ಬೇಕೆಂದು ಜನ ಲತೀಫನನ್ನು ಮನೆಮನೆಗೆ ಕರೆದರು. ಗೋವಿಂದಮ್ಮನ ಹಜಾರದ ಕಸರತ್ತು ಉಳಿದವರಿಗಾಗಿ ಟೆರೇಸಿನಲ್ಲೂ ಶುರುವಾಯಿತು. ಫಹ್ಮಿದಾ ಸೀಟಿ ಊದಿದರೆ ಅಧ್ಯಕ್ಷರೂ ಒಂಟಿ ಕಾಲಲ್ಲಿ ನಿಲ್ಲಬೇಕಾಯಿತು.

ಬೆಳ್ಳಿಹಬ್ಬಕ್ಕೆ ಮುಂಚಿನ ಶನಿವಾರ ಗೋವಿಂದಮ್ಮ ಕೆಳಗಿಳಿಯಲೆಂದು ಹೊಸಿಲು ದಾಟಿದರು. ವಸಂತ್ ತೋಳು ಹಿಡಿಯಲು ಹೋದ.

"ಬಿಡ್ಲಾ, ಮುಟ್ಬ್ಯಾಡ."

ಕಂಬಿಯ ಮೇಲೆ ಕೈಯಿಟ್ಟು, ಮೆಟ್ಟಿಲು ಮೆಟ್ಟಿಲಿಗೂ ನಿಂತು ಉಸಿರೆಳೆದುಕೊಂಡು ಆಕೆ ಇಳಿದರು. ಎರಡನೇ ಮಹಡಿಯ ತಿರುವಿನಲ್ಲಿ ಕಾಲು ನಡುಗಿತು. ಹಿಂದಿದ್ದ ರಮಾಮಣಿ ಒಂದು ಮೆಟ್ಟಿಲು ಹತ್ತಿರ ಬಂದರು. ಗೋವಿಂದಮ್ಮ ಕಂಬಿಯನ್ನು ಗಟ್ಟಿಯಾಗಿ ಹಿಡಿದು, ನಡುಕ ನಿಲ್ಲುವವರೆಗೆ ಕಾದು ಮತ್ತೆ ಕಾಲಿಟ್ಟರು. ಬಾಗಿಲು ಬಾಗಿಲಲ್ಲೂ ಜನ ನಿಂತಿದ್ದರು. ಕಡೆಯ ಮೆಟ್ಟಿಲು ಇಳಿದಾಗ ಯಾರೋ ಚಪ್ಪಾಳೆ ತಟ್ಟಿದರು, ಅದು ಮೇಲಿನವರೆಗೂ ಹಬ್ಬಿತು.

ಗೇಟಿನಾಚೆ ಬಿಸಿಲಿಗೆ ಮುಖವೊಡ್ಡಿ ಗೋವಿಂದಮ್ಮ ಒಂದು ಗಳಿಗೆ ಕಣ್ಣು ಮುಚ್ಚಿದರು. "ಈಗ ಎಲ್ಲಿಗೆ ಹೋಗೋಣ?" ಎಂದು ಫಹ್ಮಿದಾ ಕೇಳಿದರು.

"ಸೀರೆ ತಗಬೇಕು. ಹಬ್ಬಕ್ಕೆ ಹಳೇದು ಉಟ್ಕಂಡು ಬತ್ತೀನಾ?"

ಆಟೋ ಹಿಡಿದು ಮೂವರೂ ಕಮರ್ಷಿಯಲ್ ಸ್ಟ್ರೀಟಿಗೆ ಹೋದರು. ಅಲ್ಲಿನ ಆ ಜನಜಂಗುಳಿಯಲ್ಲಿ, ಗುಂಡಿ ಬಿದ್ದ ಫುಟ್‌ಪಾತನ್ನು ನೋಡಿ ನೋಡಿ ಹೆಜ್ಜೆಯಿಡುತ್ತ ಗೋವಿಂದಮ್ಮ ಅಂಗಡಿಯಿಂದ ಅಂಗಡಿಗೆ ನಡೆದರು. ಮೊದಲ ಅಂಗಡಿಯ ಬಣ್ಣ ಹಿಡಿಸಲಿಲ್ಲ, ಎರಡನೆಯದರ ಅಂಚು ಹಿಡಿಸಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕಾಲು ಸೋತು ಕೂರಲು ಜಾಗ ಹುಡುಕಿದವರು ರಮಾಮಣಿ ಮತ್ತು ಫಹ್ಮಿದಾ.