ಗಂಗಾಳ ಚೀಟಿ

ಹಚ್ಚುವ ಮೊದಲೇ ವಿನೆಗರ್ ವಾಸನೆ ಬಂತು.

ದಾನೇಶ್ವರಿ ಹತ್ತಿ ಹಿಡಿದ ಕೈಯನ್ನು ತಡೆದಳು. ಗರ್ಭಕೋಶದ ಬಾಯಿಗೆ ಅದನ್ನು ಹಚ್ಚಿ ಒಂದು ನಿಮಿಷ ಕಾಯಬೇಕು. ಬೆಳ್ಳಗಾದರೆ ಕ್ಯಾನ್ಸರಿನ ಅನುಮಾನ, ಕೊಪ್ಪಳಕ್ಕೆ ಕಳಿಸಬೇಕು. ಆಗದಿದ್ದರೆ ಚೀಟಿಯಲ್ಲಿ 'ಸಹಜ' ಎಂದು ಬರೆದು ಸಹಿ ಹಾಕಬೇಕು. ಎಂಟು ವರ್ಷದ ನರ್ಸ್ ಕೆಲಸದಲ್ಲಿ ಅವಳು ಚೆನ್ನಾಗಿ ಕಲಿತದ್ದೆಂದರೆ ಮುಖ ನೋಡದಿರುವುದು. ಹೆಂಗಸರೂ ಮಂಚ ಹತ್ತಿದೊಡನೆ ಸೆರಗನ್ನು ಮುಖದ ಮೇಲೆ ಎಳೆದುಕೊಳ್ಳುತ್ತಿದ್ದರು. ಇಬ್ಬರಿಗೂ ಅನುಕೂಲ.

ಆದರೆ ಈ ಎಡಗಾಲಿಗೆ ಕಿರುಬೆರಳಿರಲಿಲ್ಲ. ಬೆಳಿಗ್ಗೆ ಬಂದ ಒಂದು ಎಡಗಾಲಿಗೂ ಇರಲಿಲ್ಲ.

"ಹೆಸರು?"

"ಗಂಗಾ ರೀ."

"ಮುಂಜಾನೆ ಹಂಪವ್ವ ಇದ್ರಿ."

ಸೆರಗಿನ ಕೆಳಗೆ ನಗು ಕೇಳಿಸಿತು. "ಕಂಡ ಹಿಡದ್ರಿ ಬಿಡ್ರಿ, ನರ್ಸ್ ಬಾಯಾರ."

"ಗಂಗಾ ತಾನ ಯಾಕ ಬರಲಿಲ್ಲ?"

"ಅತ್ತಿ ಬಿಡವಲ್ಲಳ್ರಿ. ನನಗೇನು, ಗಂಡಿಲ್ಲ, ಅತ್ತಿಯಿಲ್ಲ, ನಾಚಿಕಿನೂ ಇಲ್ಲ. ಹ್ವಾದ ವರ್ಷ ಆಕಿ ಕೂಸಿಗೆ ಜ್ವರ ಬಂದಾಗ ಆಕಿ ಹೆಸರಲೆ ನಾನ ಗುಡಿತನಾ ಅಡ್ಡಬಿದ್ದು ಅಡ್ಡಬಿದ್ದು ದೀಡ ನಮಸ್ಕಾರ ಹಾಕಿದ್ದೆ. ಕೂಸು ಉಳೀತು. ಹರಕಿ ಯಾರರ ತೀರಸ್ರಿ, ಫಲ ಹೆಸರಿನಾಕಿಗೇ ಮುಟ್ಟತೈತಿ."

"ಇದು ಹರಕಿ ಅಲ್ಲ."

"ಮತ್ತ ನೀವೂ ಏನೋ ಹಚ್ಚಿ, ಮಾತಾಡದಂಗ ಕುಂದರ್ತೀರಲ್ರಿ?"

ದಾನೇಶ್ವರಿಯ ಕೈಗೆ ತನ್ನ ಕೆಲಸ ಗೊತ್ತಿತ್ತು. ಹಚ್ಚಿತು, ಕಾಯಿತು. ಬೆಳ್ಳಗಾಗಲಿಲ್ಲ. ಹಂಪವ್ವ ಗಟ್ಟಿ ಹೆಂಗಸು.

ಗಂಗಾಳ ಹೆಸರಿಗೆ ಚೀಟಿ ಬರೆಯುವುದಿಲ್ಲ ಎಂದುಕೊಂಡಳು. ಹನುಮಸಾಗರದ ಆಚೆಯ ಈ ಊರಿಗೆ ಹತ್ತು ಪರೀಕ್ಷೆಯ ಗುರಿ ಇತ್ತು, ಒಂಬತ್ತಾಗಿತ್ತು. ಮೇಜಿನ ಮೇಲೆ ಫೋನು ನಡುಗಿತು. ಕುಷ್ಟಗಿಯ ಸಾಹೇಬರು.

"ಹತ್ತಾತೇನ್ರಿ ಮೇಡಂ?"

"ಆತ್ರಿ ಸರ್."

ಹೇಳಿದ ಮೇಲೆ ಬರೆಯಲೇಬೇಕಾಯಿತು. ಹಂಪವ್ವ ಚೀಟಿಯನ್ನು ಕಣ್ಣಿಗೊತ್ತಿಕೊಂಡು ಹೋದಳು.

ಸಾಮಾನು ಕಟ್ಟುವಾಗ ಆಶಾ ಕಾರ್ಯಕರ್ತೆ ಉಡಚಮ್ಮ ಪಟ್ಟಿಯ ಮೇಲೆ ಬೆರಳಾಡಿಸಿದಳು. "ಗಂಗಾ ಬಂದಿದ್ಲೇನ್ರಿ? ಊರಿಗೆ ಬಂದಾಕಿ ನೀರಿಗೆ ಬರದ ಇರ್ತಾಳೇನು! ಭಾಳ ಛಲೋ ಆತು ನೋಡ್ರಿ. ಮೂರ ತಿಂಗಳಾತು, ಆಕಿಗೆ ರಕ್ತ ನಿಂತಿಲ್ಲ."

"ಮೊದಲ ಯಾಕ ಹೇಳಲಿಲ್ಲ?"

"ಬರ್ತಾಳನ್ನೂ ಭರೋಸೆ ಇರಲಿಲ್ರಿ."

ದಾನೇಶ್ವರಿಗೆ ಹೆದರಿಕೆಯಾಯಿತು. ಗಂಗಾಳಿಗಾಗಿಯೋ ತನ್ನ ಸಹಿಗಾಗಿಯೋ ತಿಳಿಯಲಿಲ್ಲ. ಮನೆ ಎಲ್ಲಿ ಎಂದು ಕೇಳಿ ಒಬ್ಬಳೇ ನಡೆದಳು. ಚೀಟಿ ತಿರುಗಿ ತೆಗೆದುಕೊಂಡರಾಯಿತು, ಒಂದು ತುಂಡು ಕಾಗದ ತಾನೆ.

ಕಾಗದ ದೇವರ ಜಗಲಿಯ ಮೇಲೆ, ದೀಪದ ಪಕ್ಕದಲ್ಲಿತ್ತು. ಕುಂಕುಮ ಹಚ್ಚಿದ್ದರು. 'ಸಹಜ' ಅರ್ಧ ಮುಚ್ಚಿಹೋಗಿತ್ತು, ಸಹಿ ಮಾತ್ರ ಸ್ಪಷ್ಟವಾಗಿತ್ತು.

"ಬರ್ರಿ ಬಾಯಾರ, ಚಪ್ಪಲಿ ಅಲ್ಲೇ ಬಿಡ್ರಿ," ಎಂದಳು ಗಂಗಾಳ ಅತ್ತೆ ಹನುಮಂತಮ್ಮ. ಮನೆಯ ನೆಲವನ್ನೆಲ್ಲ ಆಗಷ್ಟೇ ತೊಳೆದಿದ್ದರು. "ಮೂರ ತಿಂಗಳಿಂದ ಮುಟ್ಟು ನಿಂತಿಲ್ಲಂತ ಆಕಿನ್ನ ದನದ ಕೊಟಿಗ್ಯಾಗ ಇಟ್ಟಿದ್ವಿ. ನಿದ್ದಿಲ್ಲ, ಕೂಸಿನ್ನ ಮುಟ್ಟಂಗಿಲ್ಲ. ಹಂಪವ್ವ ಆಕಿ ಹೆಸರಲೆ ಹೋಗಿ ಬಂದ್ಲು. ಏನೂ ಇಲ್ಲಂತ ನೀವು ಬರದ ಕೊಟ್ರಿ. ಈಗ ಜಳಕಾ ಮಾಡ್ಸಿ ಒಳಗ ತಗೊಂಡ್ವಿ."

"ಆ ಚೀಟಿ..."

"ಹ್ಞೂಂ, ನಿಮ್ದ ಸಹಿ ಐತಲ್ಲ."

ಒದ್ದೆ ಕೂದಲಿನ ಗಂಗಾ ಕೂಸನ್ನೆತ್ತಿಕೊಂಡು ಬಂದಳು. ಮೂವತ್ತೆರಡಿರಬಹುದು. ಮುಖ ಮುಚ್ಚಿರಲಿಲ್ಲ. ಇಷ್ಟೊಂದು ಸಂತೋಷವಿದ್ದ ಮುಖವನ್ನು ಈ ಕೆಲಸದಲ್ಲಿ ತಾನು ಕಂಡೇ ಇಲ್ಲ ಎನಿಸಿತು ದಾನೇಶ್ವರಿಗೆ. ನಾಳೆ ನನ್ನ ಜೊತೆ ಕೊಪ್ಪಳಕ್ಕೆ ಬಾ ಎನ್ನಬೇಕಿತ್ತು. ಯಾಕೆ ಎಂದರೆ? ಮತ್ತೆ ಅದೇ ಕೊಟ್ಟಿಗೆ. ಅನ್ನದಿದ್ದರೆ?

ಗಂಗಾ ಕೂಸನ್ನು ಕೆಳಗಿಳಿಸಿ ಅವಳ ಕಾಲಿಗೆ ಬಗ್ಗಿದಳು. ದಾನೇಶ್ವರಿ ಕಾಲು ಹಿಂದೆಗೆಯಲಿಲ್ಲ.

ಗಂಗಾ ಎದ್ದು ಸರಿದಾಗ, ಅವಳು ನಿಂತಿದ್ದ ಕಡೆ ತೊಳೆದ ಕಲ್ಲಿನ ಮೇಲೆ ಒಂದು ಕೆಂಪು ಹನಿ ಬಿದ್ದಿತ್ತು. ಹನುಮಂತಮ್ಮ ಅತ್ತ ತಿರುಗಿ ದೀಪಕ್ಕೆ ಎಣ್ಣೆ ಹಾಕುತ್ತಿದ್ದಳು.

"ಚಾ ಕುಡದ ಹೋಗ್ರಿ, ಬಾಯಾರ."

"ಹ್ಞೂಂ," ಎಂದಳು ದಾನೇಶ್ವರಿ. ಬರಿಗಾಲನ್ನು ಒಂದು ಹೆಜ್ಜೆ ಮುಂದಿಟ್ಟು ಹನಿಯನ್ನು ಮುಚ್ಚಿ ನಿಂತಳು. ಅದಿನ್ನೂ ಬೆಚ್ಚಗಿತ್ತು.